ತನಿ ಎರೆದ ಹಿತ್ತಲು

ನಮ್ಮ ಮನೆಯ ಜಗಳಗಳೆಲ್ಲ ಹಿತ್ತಲ ಬಾಗಿಲಲ್ಲಿ ಹುಟ್ಟುತ್ತಿದ್ದವು. ಕಿಕ್ಕೇರಿಯ ಬಸ್‌ಸ್ಟ್ಯಾಂಡಿನಿಂದ ಕೆರೆ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮದು ನಾಡಹೆಂಚು ಹೊದಿಸಿದ ಉದ್ದನೆಯ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎಡಕ್ಕೆ ರಾಗಿ ಮೂಟೆಗಳ ಕತ್ತಲೆ ಕೋಣೆ, ಬಲಕ್ಕೆ ಅಡುಗೆಮನೆ, ಕೊನೆಯಲ್ಲಿ ಬಚ್ಚಲು. ಬಚ್ಚಲು ದಾಟಿದರೆ ಹಿತ್ತಲು. ಮನೆಯಷ್ಟೇ ಅಗಲ, ಮನೆಗಿಂತ ಉದ್ದ. ಜಗಲಿಯಿಂದ ನಡುಮನೆಯವರೆಗೆ ದೊಡ್ಡಯ್ಯನ ರಾಜ್ಯ, ಬಚ್ಚಲಿನಿಂದ ಆಚೆ ಅವ್ವನದು. ದೊಡ್ಡಯ್ಯ ಎಂದರೆ ಅಪ್ಪನ ಅಣ್ಣ, ಮನೆಯ ಯಜಮಾನ, ಹಾಲಿನ ಡೇರಿಯಲ್ಲಿ ಮಾತು ನಡೆಯುವ ಮನುಷ್ಯ. ಅಪ್ಪ ಕೆ.ಆರ್. ಪೇಟೆಯ ಅಕ್ಕಿ ಗಿರಣಿಗೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವನು. ಅಣ್ಣನ ಎದುರು ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಸಾಕು ಅನ್ನುವುದಕ್ಕೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಹೀಗಾಗಿ ಜಗಳವೆಲ್ಲ ದೊಡ್ಡಯ್ಯನಿಗೂ ಅವ್ವನಿಗೂ. ಅದಾದರೂ ನೇರವಾಗಿ ನಡೆಯುತ್ತಿತ್ತೇ ಎಂದರೆ ಅದೂ ಇಲ್ಲ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ದೊಡ್ಡವ್ವನಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ದೊಡ್ಡಯ್ಯ ಜಗಲಿಯಲ್ಲಿ ಕೂತು ಕಂಬಕ್ಕೆ ಹೇಳಿದ ಹಾಗೆ ಉತ್ತರ ಕೊಡುತ್ತಿದ್ದ. ನಡುವೆ ದೊಡ್ಡಯ್ಯನ ಹೆಂಡತಿ, ನಮ್ಮ ದೊಡ್ಡವ್ವ, ಎರಡು ಕಡೆಯ ಬೆಂಕಿಯನ್ನೂ ಬೆನ್ನಿಗೆ ತಗುಲಿಸಿಕೊಂಡು, ಯಾರ ಪರವಾಗಿಯೂ ಬಾಯಿ ಬಿಡದೆ, ಮೊರದಲ್ಲಿ ರಾಗಿ ಕೇರುತ್ತಿದ್ದಳು.

ಅವ್ವ ನಾಗಮಂಗಲ ಸೀಮೆಯ ಬೆದ್ದಲಿನ ಹಳ್ಳಿಯಿಂದ ಬಂದವಳು. ಬೇಸಿಗೆಯಲ್ಲಿ ಬಾವಿಯ ತಳಕ್ಕೆ ಇಳಿದು ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಕೊಡ ತುಂಬಿದ ಕೈ ಅದು. ಅಂಥವಳು ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ, ಮನೆಮಂದಿಯೆಲ್ಲ ಮಿಂದ ನೀರು ಸುಮ್ಮನೆ ಚರಂಡಿ ಪಾಲಾಗುವುದನ್ನು ಕಂಡು ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟಳಂತೆ. ಅತ್ತು ಮುಗಿದ ಮೇಲೆ ಹಾರೆ ಹಿಡಿದು ತಾನೇ ಒಂದು ಕಾಲುವೆ ತೋಡಿದಳು. ಬಚ್ಚಲ ನೀರು ಬಾಳೆ, ಕೆಸುವಿನ ಬುಡದಲ್ಲಿ ಇಂಗಿ, ಸೋಸಿ ಉಳಿದದ್ದು ಒಂದು ತಗ್ಗಿನಲ್ಲಿ ನಿಲ್ಲುತ್ತಿತ್ತು. ತಗ್ಗಿನ ಪಕ್ಕ ಹಳೆಯ ಕಲ್ಲುಬಾನಿಯೊಂದನ್ನು ನೆಲಮಟ್ಟಕ್ಕೆ ಹೂತು, ಅದಕ್ಕೆ ಮಾತ್ರ ದಿನವೂ ಒಂದು ಕೊಡ ಹೊಸ ನೀರು ಹಾಕುತ್ತಿದ್ದಳು. ಅವಳು ನೆಟ್ಟದ್ದು ಹೆಚ್ಚಿಲ್ಲ: ನುಗ್ಗೆ, ಕರಿಬೇವು, ದಾಸವಾಳ, ಒಂದು ಸೀಬೆ. ಉಳಿದದ್ದೆಲ್ಲ ಹಕ್ಕಿಗಳ ಹಿಕ್ಕೆಯಲ್ಲಿ ಬಂದು ತಾನಾಗಿ ಎದ್ದದ್ದು. ಬೇಲಿಯ ಉದ್ದಕ್ಕೂ ಲಂಟಾನ ಹಬ್ಬಿತು. ಮೂಲೆಯ ಬೇವಿನ ಬುಡಕ್ಕೆ ಹುತ್ತ ಬೆಳೆಯಿತು. ಒಣಗಿ ನಿಂತ ನುಗ್ಗೆ ಮರವನ್ನು ಸೌದೆಗೆ ಕಡಿಯಲು ಅವ್ವ ಬಿಡಲಿಲ್ಲ; ಮರಕುಟಿಗ ಕೊರೆದ ತೂತಿನಲ್ಲಿ ಗಿಳಿ ಸಂಸಾರ ಹೂಡಿತ್ತು. ತಗ್ಗಿನಲ್ಲಿ ಕಪ್ಪೆ, ಕಲ್ಲಿನ ಸಂದಿಯಲ್ಲಿ ಓತಿಕ್ಯಾತ, ಕರಿಬೇವಿನ ಹೂವಿಗೆ ಜೇನು, ಲಂಟಾನಕ್ಕೆ ಚಿಟ್ಟೆ, ಹೊತ್ತು ಗೊತ್ತಿಲ್ಲದೆ ಬಂದುಹೋಗುವ ಮುಂಗುಸಿ. ಅವ್ವನ ಕಾನೂನು ಒಂದೇ: ಪೊರಕೆ ಬಾಗಿಲ ತನಕ. ಅದರಾಚೆ ಬಿದ್ದ ಎಲೆ ಬಿದ್ದಲ್ಲೇ ಇರಬೇಕು. ಹೆಂಗಸರ ಯೋಗ್ಯತೆಯನ್ನು ಗುಡಿಸಿದ ಅಂಗಳದಲ್ಲಿ ಅಳೆಯುವ ಊರಿನಲ್ಲಿ ಇದು ಸಣ್ಣ ಧೈರ್ಯವೇನಲ್ಲ. ದೊಡ್ಡಯ್ಯ ಕಂಬಕ್ಕೆ ಹೇಳುತ್ತಿದ್ದ:

"ಬಂದೋರ್ ಮುಂದೆ ಮಾನ ಓಯ್ತದೆ. ಇತ್ಲು ಅಂತಾರಾ ಇದನ್ನ, ತಿಪ್ಪೆ ಅಂತಾರೆ."

ಬಾಗಿಲ ಹಿಂದಿನಿಂದ ಉತ್ತರ ಬರುತ್ತಿತ್ತು:

"ಅಕ್ಕ, ಅದು ಕಸ ಅಲ್ಲ, ಕಪ್ಪೆ ಆಸ್ಗೆ ಅಂತ ಯೇಳಿ ಬಾವಂಗೆ."

ಆ ಹಿತ್ತಲಿನ ನಿಜವಾದ ಯಜಮಾನ ಒಂದು ಕೇರೆಹಾವು. ಆಳುದ್ದದ್ದು, ಹಳದಿ ಮೈಯದು. ಹುತ್ತದ ಬಳಿ ಎಲ್ಲೋ ಅದರ ವಾಸ. ಬಿಸಿಲೇರಿದ ಮೇಲೆ ಕಲ್ಲುಬಾನಿಗೆ ತಲೆಯಿಟ್ಟು ನೀರು ಕುಡಿದು, ಯಾರನ್ನೂ ಲೆಕ್ಕಿಸದೆ ರಾಗಿ ಕೋಣೆಯ ಗೋಡೆ ಬುಡದಲ್ಲಿ ಹರಿದುಹೋಗುತ್ತಿತ್ತು. ಬೀದಿಯ ಎಲ್ಲ ಮನೆಗಳಲ್ಲೂ ಇಲಿ ಮೂಟೆ ಕೊರೆಯುತ್ತಿದ್ದಾಗ ನಮ್ಮ ರಾಗಿ ಮಾತ್ರ ನೆಟ್ಟಗಿತ್ತು. ಬೆಕ್ಕಾದರೆ ಹಾಲು ಕೇಳುತ್ತದೆ, ಇದು ಏನೂ ಕೇಳುವುದಿಲ್ಲ ಎಂದು ಅವ್ವ ಮೆಚ್ಚಿಕೊಳ್ಳುತ್ತಿದ್ದಳು. ನನಗೆ ಮೊದಮೊದಲು ಭಯ. ಅವ್ವನ ಸೆರಗು ಹಿಡಿದು ನೋಡುತ್ತ ನೋಡುತ್ತ ಅದು ನಮ್ಮ ಮನೆಯ ಹಿರಿಯರಲ್ಲಿ ಒಬ್ಬರೆಂಬಷ್ಟು ಸಲಿಗೆ ಬಂತು.

ಮಧ್ಯಾಹ್ನ ಗಂಡಸರಿಲ್ಲದ ಹೊತ್ತು ಹಿತ್ತಲು ಹೆಂಗಸರದು. ಸೊಪ್ಪಿಗೆ, ಕರಿಬೇವಿಗೆ, ಮಗುವಿನ ಕೆಮ್ಮಿಗೆ ದೊಡ್ಡಪತ್ರೆ ಎಲೆಗೆ ಎಂದು ಅಕ್ಕಪಕ್ಕದವರು ಬರುತ್ತಿದ್ದರು. ಹಿಂದಿನ ಗೋಡೆಯಾಚೆ ಮುಮ್ತಾಜಮ್ಮನ ಮನೆ. ಅವಳ ಗಂಡನದು ಬಸ್‌ಸ್ಟ್ಯಾಂಡಿನಲ್ಲಿ ವೆಲ್ಡಿಂಗ್ ಅಂಗಡಿ. ಗೋಡೆಯ ಬುಡದಲ್ಲೊಂದು ಕಿಂಡಿ ಇತ್ತು. ನಮ್ಮ ಮುಂಗುಸಿ ಆ ಕಿಂಡಿಯಲ್ಲೇ ಹೋಗಿ ಅವಳ ಕೋಳಿಮರಿ ಹಿಡಿಯುತ್ತಿತ್ತು, ಅವಳ ಬಾತುಗಳು ಅದೇ ಕಿಂಡಿಯಲ್ಲಿ ಬಂದು ನಮ್ಮ ತಗ್ಗಿನಲ್ಲಿ ಮೀಯುತ್ತಿದ್ದವು. ಮರಿ ಹೋದ ದಿನ ಮುಮ್ತಾಜಮ್ಮ ಗೋಡೆಯ ಮೇಲೆ ಮುಖವಿಟ್ಟು ಬೈಯುತ್ತಿದ್ದಳು. ಬೈದು ದಣಿದ ಮೇಲೆ ಎರಡು ಸೀಬೆಹಣ್ಣು ಇಸಿದುಕೊಂಡು ಹೋಗುತ್ತಿದ್ದಳು. ಕಿಂಡಿಯನ್ನು ಮಾತ್ರ ಮುಚ್ಚಿಸಲಿಲ್ಲ. ಇನ್ನು ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ, ನನ್ನ ತಲೆ ಬಾಚುವುದು ಅವಳ ಪಾಲಿಗೆ ಬಂದಿತ್ತು. ಒರಳುಕಲ್ಲಿನ ಮೇಲೆ ಕೂತು, ನನ್ನನ್ನು ಮುಂದೆ ಕೂರಿಸಿಕೊಂಡು, ನಡುನಡುವೆ ಮೊರದಿಂದ ಒಂದೊಂದು ಹಿಡಿ ನುಚ್ಚು ಎರಚುತ್ತಿದ್ದಳು. ಗುಬ್ಬಚ್ಚಿ, ಗೊರವಂಕಗಳು ಅವಳ ಕಾಲ ಬೆರಳಿನವರೆಗೂ ಬರುತ್ತಿದ್ದವು. ಅವ್ವನೂ ಅವಳೂ ಹೆಚ್ಚು ಮಾತಾಡುತ್ತಿರಲಿಲ್ಲ. ವಾರಗಿತ್ತಿಯರು ಜಗಳವಿಲ್ಲದೆ ಒಟ್ಟಿಗೆ ಕೂರುವುದೇ ಊರಿಗೆ ಸೋಜಿಗವಾಗಿತ್ತು. ದೊಡ್ಡವ್ವನಿಗೆ ಬದುಕಿನಲ್ಲಿ ಎರಡೇ ಚಪಲ: ಒಂದು ಈ ಮಧ್ಯಾಹ್ನ, ಇನ್ನೊಂದು ಬಾಡು. ಭಾನುವಾರ ಮಟನ್ನು ಬಂದರೆ ಬೆಳಗಿನಿಂದಲೇ ಅವಳ ನಡಿಗೆ ಬದಲಾಗುತ್ತಿತ್ತು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು, ಮುದ್ದೆ ಮುರಿದು ಸಾರಿಗೆ ಅದ್ದಿ, ಮೂಳೆಯನ್ನು ಕಣ್ಣು ಮುಚ್ಚಿ ಚೀಪುತ್ತಿದ್ದಳು. ಆಗ ಅವಳನ್ನು ಯಾರೂ ಕರೆಯಬಾರದು.

ತೊಂಬತ್ತರ ದಶಕದ ನಡುವಿನ ವರ್ಷಗಳು. ಊರಿನಲ್ಲಿ ಮನೆಮನೆಗೂ ಸೀಮೆಹಸು ಬರುತ್ತಿದ್ದ ಕಾಲ. ಡೇರಿಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವ ದೊಡ್ಡಯ್ಯನ ಮನೆಯಲ್ಲೇ ಸೀಮೆಹಸು ಇಲ್ಲ ಎಂಬುದು ಅವನಿಗೆ ಮುಳ್ಳಾಗಿ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಟ್ರಾಕ್ಟರೊಂದು ಬಂದು ಮನೆ ಮುಂದೆ ಕಟ್ಟಡದ ಸೈಜುಗಲ್ಲು ಸುರಿದು ಹೋಯಿತು. ಕಲ್ಲು ಉರುಳಿದ ಸದ್ದಿಗೆ ಅವ್ವ ಅಡುಗೆಮನೆಯಿಂದ ಓಡಿ ಬಂದು ಬಾಗಿಲ ಹಿಂದೆ ನಿಂತಳು. ದೊಡ್ಡಯ್ಯ ಕಂಬಕ್ಕೆ ಹೇಳಿದ:

"ಇತ್ಲಲ್ಲಿ ಕೊಟ್ಗೆ ಕಟ್ಟುಸ್ತೀನಿ. ಸಿಮೆಂಟ್ ನೆಲ, ಶೀಟು, ಎಲ್ಲಾ. ಆ ತಿಪ್ಪೆ ಗುಂಡಿ ಮುಚ್ಚಿ, ಗಿಡಗಂಟೆ ತಗ್ಸಿ, ಹುತ್ತ ಅಗ್ಸಿ ಮಟ್ಟ ಮಾಡ್ಬೇಕು. ಆಳ್ಗೋಳ್ಗೆ ಯೇಳಿದೀನಿ."

"ಅಕ್ಕ, ಮನೆ ಪಕ್ದಲ್ಲಿ ಎತ್ತಿನ್ ಚಪ್ರ ಅದಲ್ಲ, ಅದನ್ನೇ ಉದ್ದ ಮಾಡ್ಬೋದಲ್ಲ ಅಂತ ಕೇಳಿ."

"ಬೀದಿಗೆ ಗಂಜ್ಲ ಅರಿಸ್ಕಂಡು ಊರ್ನೋರ್ ತಾವ ಉಗಿಸ್ಕಂತೀನಾ? ಮುಗೀತು ಬುಡು."

ಸಂಜೆ ಬಸ್ಸಿಗೆ ಬಂದ ಅಪ್ಪ ಕಲ್ಲುಗಳನ್ನು ಸುತ್ತಿಕೊಂಡು ಒಳಗೆ ಬಂದ. ಕಾಲು ತೊಳೆದ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತಟ್ಟೆಯ ಮುಂದೆ ಕೂತು ಕೈ ಅಡ್ಡ ಹಿಡಿದ. ಅಂದಿನಿಂದ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು, ಮಾತು ಸಣ್ಣದಾಯಿತು. ಸಾರಿಗೆ ಒಂದು ದಿನ ಉಪ್ಪೇ ಇಲ್ಲ, ಮತ್ತೊಂದು ದಿನ ಬಾಯಿಗಿಡಲಾಗದಷ್ಟು. ನಾನು ಶಾಲೆಯಿಂದ ಬಂದವಳೇ ಚೀಲ ಎಸೆದು ಹಿತ್ತಲಿಗೆ ಓಡಿ, ಬೇವು ಇನ್ನೂ ನಿಂತಿದೆಯೇ ಎಂದು ನೋಡುತ್ತಿದ್ದೆ.

ಆಳುಗಳು ಬರುವುದಾಗಿ ಹೇಳಿದ್ದ ದಿನವೇ ಷಷ್ಠಿ ಬಂತು. ಹಬ್ಬದ ದಿನ ಕೂಲಿಗೆ ಬರುವುದಿಲ್ಲ ಎಂದು ಅವರೆಂದರೂ, ಹೆಂಗಸರ ಹಬ್ಬಕ್ಕೆ ಗಂಡಸರ ಕೆಲಸ ನಿಲ್ಲಿಸುವುದೇನು ಎಂದು ದೊಡ್ಡಯ್ಯ ಪಟ್ಟು ಹಿಡಿದಿದ್ದ. ಷಷ್ಠಿಯ ಬೆಳಿಗ್ಗೆ ಹುತ್ತಕ್ಕೆ ಹಾಲು ತುಪ್ಪ ಹೊಯ್ದು ಪೂಜೆ ಮಾಡುವುದಕ್ಕೆ ನಮ್ಮ ಕಡೆ ತನಿ ಎರೆಯುವುದು ಎನ್ನುತ್ತಾರೆ. ಬೀದಿಯ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಚಿಗಳಿ ತಂಬಿಟ್ಟಿನ ತಟ್ಟೆ ಹಿಡಿದು ಕೆರೆ ಹಿಂದಿನ ದೊಡ್ಡ ಹುತ್ತಕ್ಕೆ ಹೋಗುವುದು ವಾಡಿಕೆ. ಆ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೆ ಬಂದು ಕೂಗಿದಾಗ ಅವ್ವ ಹೊರಗೆ ಬಂದು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು:

"ಮನೇಲೇ ನಾಗಪ್ಪ ಬಂದು ಕುಂತವ್ನೆ, ಕೆರೆ ತಂಕ ಯಾಕ್ರವ್ವ? ಬನ್ನಿ, ಇಲ್ಲೇ ಎರೀವ."

ಒದ್ದೆ ಸೀರೆಗಳು ನಡುಮನೆ ದಾಟಿ, ಬಚ್ಚಲು ದಾಟಿ ಹಿತ್ತಲಿಗೆ ಬಂದವು. ಅರಿಸಿನ, ಕುಂಕುಮ, ಗೆಜ್ಜೆವಸ್ತ್ರ, ಸೇವಂತಿಗೆ ಹೂವಿನಿಂದ ಆ ಬಡ ಹುತ್ತ ಮದುವಣಗಿತ್ತಿಯಾಯಿತು. ಅವ್ವ ತಂಬಿಗೆಯ ಹಾಲನ್ನು, ಆಳುಗಳು ಬರುವ ತನಕ ಮುಗಿಯದಿರಲೆಂಬಂತೆ, ಹನಿಹನಿಯಾಗಿ ಬಿಡುತ್ತಿದ್ದುದನ್ನು ನಾನು ಕಂಡೆ. ಬೇರೆಯವರು ಅದನ್ನು ಭಕ್ತಿ ಎಂದುಕೊಂಡಿರಬೇಕು. ಅದೇ ಹೊತ್ತಿಗೆ ದೊಡ್ಡಯ್ಯ ಆಳುಗಳನ್ನು ಕರೆದುಕೊಂಡು ಬಂದ. ಮುಂದಿದ್ದ ಬೋರಣ್ಣ ಹುತ್ತ ನೋಡಿದವನೇ ಹೆಗಲ ಮೇಲಿನ ಗುದ್ದಲಿಯನ್ನು ಕೆಳಗಿಟ್ಟ.

"ಗೌಡ್ರೇ, ತನಿ ಎರ್ದ್‌ಬುಟ್ಟವ್ರೆ. ನಾ ಮುಟ್ಟಾಕಿಲ್ಲ."

"ಲೇ, ಅದು ಬರೀ ಮಣ್ಣು ಕಣ್ಲಾ."

"ನಿನ್ನೆಗಂಟ ಮಣ್ಣು. ನಂಗೂ ಮಕ್ಳವೆ ಗೌಡ್ರೇ, ನೀವೇ ಆಕಿ ಗುದ್ಲಿಯ."

ದೊಡ್ಡಯ್ಯ ಗುದ್ದಲಿ ನೋಡಿದ, ಹುತ್ತ ನೋಡಿದ, ಸಾಲಾಗಿ ನಿಂತ ಹೆಂಗಸರ ಮುಖ ನೋಡಿದ. ಹೆಗಲ ಟವಲು ಕೊಡವಿಕೊಂಡು ಹೊರಟುಹೋದ. ಆಮೇಲೆ ಬಹಳ ದಿನ ಅವನು ಅವ್ವ ಬಡಿಸಿದ್ದನ್ನು ಉಣ್ಣಲಿಲ್ಲ, ದೊಡ್ಡವ್ವನೇ ಬಡಿಸಬೇಕಿತ್ತು. ಅವ್ವ ಮಾತ್ರ ಆ ದಿನ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಬಹಳ ಕಾಲ ಕಾಣಲಿಲ್ಲ.

ಯಾಕೆಂದರೆ ಬಂದವರು ಹಿಂದಕ್ಕೆ ಹೋಗಲಿಲ್ಲ. ಮುಂದಿನ ಸೋಮವಾರ ಇಬ್ಬರು ಹಾಲಿನ ತಂಬಿಗೆ ಹಿಡಿದು ಬಂದರು. ಅದರ ಮುಂದಿನ ವಾರ ಪಕ್ಕದ ಬೀದಿಯವರು. ಯಾರದೋ ಮಗಳಿಗೆ ಗಂಡು ಗೊತ್ತಾಯಿತು, ಯಾರದೋ ಮೊಮ್ಮಗನ ಕಜ್ಜಿ ವಾಸಿಯಾಯಿತು. ಎಲ್ಲವೂ ನಮ್ಮ ಹುತ್ತದ ಲೆಕ್ಕಕ್ಕೆ ಸೇರಿದವು. ಬರುವವರಿಗೆ ಸೀರೆ ಸಿಕ್ಕುತ್ತದೆಂದು ಲಂಟಾನ ಬೇಲಿ ಕಡಿದು ಓಣಿಯ ಕಡೆಯಿಂದ ದಾರಿ ಮಾಡಿದರು. ಯಾರೋ ಕಾಲು ಜಾರಿ ಬಿದ್ದರೆಂದು ತಗ್ಗಿಗೆ ಮಣ್ಣು ತುಂಬಿದರು. ದಾಸವಾಳದಲ್ಲಿ ಮೊಗ್ಗು ಸಹಿತ ಉಳಿಯಲಿಲ್ಲ. ಆಗ ತಾನೇ ಊರಿಗೆ ಕಾಲಿಟ್ಟಿದ್ದ ಪ್ಲಾಸ್ಟಿಕ್ ಕವರುಗಳು ಕರಿಬೇವಿನ ಬುಡದಲ್ಲಿ ಗುಡ್ಡೆಯಾದವು. ಕರ್ಪೂರ, ಸಾಂಬ್ರಾಣಿಯ ಹೊಗೆಗೆ ಜೇನು ಎದ್ದುಹೋಯಿತು. ಹುತ್ತದ ಬಾಯಿಗೆ ಸುರಿದ ಹಾಲು ಒಳಗೇ ಹುಳಿತು ನಾರಿ, ಕೆಂಪು ಇರುವೆಗಳು ಮುತ್ತಿದವು. ಕೇರೆ ಅಪರೂಪಕ್ಕೆ ಎಲ್ಲೋ ಕಲ್ಲಿನ ಮರೆಯಲ್ಲಿ ಬಾಲ ತೋರಿಸುತ್ತಿತ್ತು. ಒರಳುಕಲ್ಲಿನ ಮೇಲೆ ಈಗ ಪೂಜೆಯ ತಟ್ಟೆಗಳು. ದೊಡ್ಡವ್ವನಿಗೆ ಕೂರಲು ಜಾಗವಿಲ್ಲದೆ, ಮೊರ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗುಬ್ಬಚ್ಚಿಗಳು ಅಷ್ಟು ದೂರ ಬರುತ್ತಿರಲಿಲ್ಲ. ಮುಮ್ತಾಜಮ್ಮ ಗೋಡೆಯ ಮೇಲಿಂದ ನೋಡಿ ಅವ್ವನಿಗೆ ಹೇಳಿದಳು:

"ಜಯಕ್ಕ, ಕರಿಯೋದು ಆಸಾನು, ಕಳ್ಸೋದು ಕಷ್ಟ. ನನ್ ಬಾತು ಬತ್ತಿಲ್ಲ ನೋಡಿ ಈಗ."

ಅವ್ವನ ಎದೆ ಒಡೆದದ್ದು ದೊಡ್ಡಯ್ಯ ಬದಲಾದಾಗ. ಮೊದಲು ಮುಖ ಊದಿಸಿಕೊಂಡಿದ್ದವನು, ಡೇರಿಯಲ್ಲಿ ಜನ ನಿಮ್ಮನೆ ನಾಗಪ್ಪ ನಿಮ್ಮನೆ ನಾಗಪ್ಪ ಎನ್ನತೊಡಗಿದ ಮೇಲೆ ಹುರಿ ಮೀಸೆ ತೀಡಿಕೊಂಡು ಓಡಾಡತೊಡಗಿದ. ಸೀಮೆಹಸುವಿನ ಮಾತು ಹಿಂದೆ ಸರಿಯಿತು. ಮನೆ ಮುಂದೆ ತುಂಬೆಗಿಡ ಬೆಳೆದುಕೊಂಡು ಬಿದ್ದಿದ್ದ ಸೈಜುಗಲ್ಲಿಗೆ ಹೊಸ ಕೆಲಸ ಸಿಕ್ಕಿತು: ಹುತ್ತದ ಸುತ್ತ ಕಟ್ಟೆ, ಹಿತ್ತಲ ತುಂಬ ಸಿಮೆಂಟ್ ನೆಲ, ಮೇಲೆ ಶೀಟು, ಓಣಿಗೆ ಕಬ್ಬಿಣದ ಗೇಟು. ಕಟ್ಟೆಗೆ ಅಡ್ಡವೆಂದು ಒಣ ನುಗ್ಗೆ ಕಡಿಯುವುದು, ಕಲ್ಲುಬಾನಿ ಕೀಳುವುದು. ಗಾರೆಯವನೂ ಗೊತ್ತಾದ. ಕಳ್ಳನ ಕೈಗೆ ಕೀಲಿ ಕೊಟ್ಟಂತಾಗಿತ್ತು, ಕೊಟ್ಟವಳು ಸ್ವತಃ ಅವ್ವ. ಅವಳು ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ನಾವು ಮೂರೂ ಜನ ಬಚ್ಚಲ ಬಾಗಿಲಲ್ಲಿ ನಿಂತಿದ್ದಾಗ ಅವ್ವ ದೊಡ್ಡವ್ವನಿಗೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ:

"ಅಕ್ಕ, ನಾಗಪ್ಪ ಅಂದ್ರೆ ಸಿಮೆಂಟು ಆಕ್ತಾರೆ. ಇಲ್ಲ, ಅದು ಬರೀ ಕೇರೆ ಅಂದ್ರೆ ಕೊಟ್ಗೆ ಕಟ್ತಾರೆ. ಎಂಗ್ ಅಂದ್ರೂ ಸಾಯೋದು ನನ್ ಇತ್ಲೇ."

ದೊಡ್ಡವ್ವ ಮೊರದ ನುಚ್ಚಿನಲ್ಲಿ ಬೆರಳಾಡಿಸುತ್ತ ನಿಂತಿದ್ದಳು. ಗಂಡನ ಹೆಸರು ಹಾಗಿರಲಿ, ಅವನನ್ನು ಕರೆಯಬೇಕಾದರೂ ರತ್ನನ ದೊಡ್ಡಯ್ಯ ಎಂದು ನನ್ನ ಹೆಸರಿನ ಮರೆಯಲ್ಲಿ ನಿಂತು ಕರೆಯುವವಳು. ಅವಳಿಂದ ಅವ್ವ ಏನನ್ನೂ ನಿರೀಕ್ಷಿಸಿರಲೂ ಇಲ್ಲ.

ಗುದ್ದಲಿ ಪೂಜೆಯ ಬೆಳಿಗ್ಗೆ ಹಿತ್ತಲು ಜನದಿಂದ ಕಿಕ್ಕಿರಿದಿತ್ತು. ಗುಡಿಯ ಪೂಜಾರಿ, ಡೇರಿಯ ಹಿರಿಯರು, ಬೀದಿಯ ಹೆಂಗಸರು, ಪಾಂಡವಪುರದ ಕಡೆಯಿಂದ ಬಂದ ಗಾರೆಯವನು. ಕಲಸಿಟ್ಟ ಸಿಮೆಂಟಿನ ವಾಸನೆ. ಅಪ್ಪ ಅಂದು ಗಿರಣಿಗೆ ರಜ ಹಾಕಿ ಗೋಡೆಗೆ ಒರಗಿ ನಿಂತಿದ್ದ. ನಾನು ದೊಡ್ಡವ್ವನ ಪಕ್ಕದಲ್ಲಿದ್ದೆ. ಅವಳ ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ಪೂಜಾರಿ ತೆಂಗಿನಕಾಯಿ ಒಡೆದ. ಗಾರೆಯವನು ಜಾಗ ಮಾಡಿಕೊಳ್ಳಲು ಹುತ್ತದ ಪಕ್ಕದ ಕಲ್ಲೊಂದನ್ನು ಹಾರೆಯಲ್ಲಿ ಮೀಟಿದ. ಕಲ್ಲಿನಡಿಯಿಂದ ಕೇರೆ ಸರ್ರನೆ ಹೊರಬಿತ್ತು.

ಯಾರೋ ಹೆಂಗಸು ಚೀರಿದಳು:

"ನಾಗಪ್ಪ! ದರ್ಶನ ಕೊಟ್ಟ ಕಣ್ರವ್ವೋ!"

ಅರ್ಧ ಜನ ಕೈ ಮುಗಿದರು, ಅರ್ಧ ಜನ ಹಿಂದಕ್ಕೆ ನುಗ್ಗಿದರು. ಹಾವಿಗೆ ಹೋಗಲು ದಾರಿಯಿರಲಿಲ್ಲ. ಅದು ಹುಟ್ಟಿದಾಗಿನಿಂದ ಬಲ್ಲ ಬೇಲಿ ಇರಲಿಲ್ಲ, ತಗ್ಗಿರಲಿಲ್ಲ. ಎಲ್ಲ ಕಡೆ ಕಾಲುಗಳು. ಸಿಮೆಂಟಿನ ಗುಡ್ಡೆಗೆ ಹೋಗಿ ಹಿಂದಕ್ಕೆ ತಿರುಗಿ, ಕಲ್ಲುಬಾನಿಯ ಬುಡಕ್ಕೆ ಮೈ ಒತ್ತಿ ಸುರುಳಿಯಾಯಿತು. ಗಾರೆಯವನು ಹಾರೆ ಎತ್ತಿ ಹಿಡಿದು ನಕ್ಕ:

"ಎಲ್ಲಿ ನಾಗಪ್ಪ? ಹೆಡೆ ಎಲ್ಲದೆ? ಇದು ಕೇರೆ ಕಣ್ರೀ. ಒಡೆದ್ ಆಕ್ಲಾ?"

ಜನರಲ್ಲಿ ಗುಸುಗುಸು ಎದ್ದಿತು. ಇಷ್ಟು ದಿನ ಕೇರೆಗೆ ಹಾಲು ಎರೆದೆವಾ ಎಂದು ಒಬ್ಬಳು ಗಟ್ಟಿಯಾಗಿಯೇ ಕೇಳಿದಳು. ದೊಡ್ಡಯ್ಯನ ಮುಖ ಕೆಂಪಾಯಿತು. ಇಡೀ ಊರಿನೆದುರು ಅವನ ನಾಗಪ್ಪ ಇಲಿ ತಿನ್ನುವ ಹಾವಾಗುತ್ತಿದ್ದ. ಅವನು ತಿರುಗಿ, ನನಗೆ ತಿಳಿದಂತೆ ಜೀವಮಾನದಲ್ಲಿ ಮೊದಲ ಸಲ, ಅವ್ವನ ಮುಖಕ್ಕೆ ಮುಖ ಕೊಟ್ಟು ಕೇಳಿದ:

"ನೀನ್ ತಾನೇ ಸುರು ಮಾಡ್ದೋಳು? ಯೇಳವ್ವ ಈಗ. ಇದು ದೇವ್ರೋ, ಕೇರೆಯೋ?"

ಅವ್ವ ಹಾವನ್ನು ನೋಡಿದಳು, ಹಾರೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ನಾನು ದೊಡ್ಡವ್ವನ ಸೆರಗು ಹಿಡಿಯಹೋದೆ. ಸೆರಗು ಸಿಕ್ಕಲಿಲ್ಲ. ಅರಿಸಿನ ಕುಂಕುಮದ ತಟ್ಟೆ ಝಣ್ಣೆಂದು ನೆಲಕ್ಕೆ ಬಿದ್ದಿತ್ತು. ದೊಡ್ಡವ್ವ ಜನರ ನಡುವೆ ಹೋಗಿ ನಿಂತಿದ್ದಳು. ತುರುಬು ಬಿಚ್ಚಿತ್ತು. ಮೈ ಅಡಿಯಿಂದ ಮುಡಿಯವರೆಗೆ ತೂಗುತ್ತಿತ್ತು. ಅವಳ ಗಂಟಲಿಂದ ಬಂದ ದನಿ ನಾನು ಕೇಳಿರದ ದನಿ.

"ಯಾರ್ಲಾ ಅದು ನನ್ ನೆತ್ತಿ ಮ್ಯಾಲೆ ಸಿಮೆಂಟ್ ಸುರಿಯೋನು? ಬಾರ್ಲಾ ಇತ್ತಗೆ!"

ಅವಳು ನೋಡುತ್ತಿದ್ದದ್ದು ದೊಡ್ಡಯ್ಯನನ್ನು. ಗಂಡನನ್ನು ಲಾ ಎಂದು ಕರೆಯುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ದೇವರಲ್ಲದೆ ಬೇರೆ ಯಾರಿಗೂ ಆ ಎದೆಗಾರಿಕೆ ಇರಲು ಸಾಧ್ಯವಿಲ್ಲ ಎಂದು ಅಲ್ಲಿದ್ದ ಒಬ್ಬೊಬ್ಬರಿಗೂ ಅದೇ ಗಳಿಗೆಯಲ್ಲಿ ಖಾತ್ರಿಯಾಯಿತು. ಗಾರೆಯವನ ಹಾರೆ ತಾನಾಗಿ ಕೆಳಗಿಳಿಯಿತು. ಪೂಜಾರಿ ಕೈ ಜೋಡಿಸಿ ಮುಂದೆ ಬಂದ.

"ತಪ್ಪಾಯ್ತು ಸ್ವಾಮಿ. ಏನಾಗ್ಬೇಕು ಅಪ್ಣೆ ಕೊಡು."

"ಊರ್ ಜನ ತುಳುದ್ ತುಳುದ್ ನನ್ ಮೈಯೆಲ್ಲ ಉರೀತಾ ಅದೆ. ಒಂದ್ ಹಿಡಿ ಹುತ್ತದ್ ಮಣ್ಣು ತಗಂಡ್ ನಡೀರ್ಲಾ ಕೆರೆ ಏರಿಗೆ. ಅರಳಿ ಮರದಡಿ ಇಕ್ಕಿ. ಕಟ್ಟೆ ಅಲ್ಲಿ ಕಟ್ಟಿ. ಪೂಜೆ ಅಲ್ಲಿ ಮಾಡಿ. ಇದು ನನ್ ಮೂಲ. ಇಲ್ಲಿಗೆ ಗುದ್ಲಿ ಮುಟ್ಟಿಸ್ಬ್ಯಾಡಿ. ಎಲೆ ಕೀಳ್ಬ್ಯಾಡಿ. ನೀರ್ ಮುಚ್ಬ್ಯಾಡಿ. ನನ್ ಮಕ್ಳು ಮರಿ ಓಡಾಡೋ ದಾರಿ ಕಟ್ಬ್ಯಾಡಿ."

"ಆಗ್ಲಿ ಸ್ವಾಮಿ. ಕೊಟ್ಗೆ ಗಿಟ್ಗೆ..."

ಇದನ್ನು ಕೇಳಿದವರು ಡೇರಿಯ ಹಿರಿಯರಲ್ಲೊಬ್ಬರು. ದೊಡ್ಡವ್ವ ಅವರ ಕಡೆ ತಿರುಗಲೂ ಇಲ್ಲ. ಗಂಡನ ಮೇಲಿಟ್ಟ ಕಣ್ಣು ಕದಲಿಸದೆ ಹೇಳಿದಳು:

"ಕಟ್ ನೋಡ್ಲಾ."

ದೊಡ್ಡಯ್ಯ ಟವಲನ್ನು ಸೊಂಟಕ್ಕೆ ಸುತ್ತಿಕೊಂಡು ಹೆಂಡತಿಯ ಕಾಲಿಗೆ ಬಿದ್ದ.

ಅವಳ ಮೇಲೆ ಅರಿಸಿನ ನೀರು ಎರಚಿದರು. ಅವ್ವನ ತೋಳಿನಲ್ಲಿ ಅವಳು ಕುಸಿದಳು. ಜನ ಹಿಂದೆ ಸರಿದು ದಾರಿ ಬಿಟ್ಟಾಗ ಕೇರೆ ಗೋಡೆ ಬುಡದ ಕಿಂಡಿ ಹುಡುಕಿಕೊಂಡು ಮುಮ್ತಾಜಮ್ಮನ ಹಿತ್ತಲಿಗೆ ಹೋಯಿತು. ದೊಡ್ಡವ್ವ ಕಣ್ಣು ಬಿಟ್ಟು ಎದ್ದು ಕೂತ ಮೇಲೆ ಪೂಜಾರಿ ಕೊನೆಯದಾಗಿ ಒಂದು ಮಾತು ಹೇಳಿದ. ನಾಗಪ್ಪ ಬಂದ ಮೈ ಇದು, ಇನ್ನು ಮೇಲೆ ಈ ತಾಯಿ ಬಾಡು ಮುಟ್ಟುವಂತಿಲ್ಲ, ಬದುಕಿರುವ ತನಕ. ದೊಡ್ಡವ್ವ ಅವನ ಮುಖ ನೋಡಿದಳು. ಇದೊಂದನ್ನು ಅವಳು ಎಣಿಸಿರಲಿಲ್ಲವೆಂದು ನನಗೆ ಆಗಲೇ ಅನಿಸಿತ್ತು. ಬಿಚ್ಚಿದ ತುರುಬು ಕಟ್ಟಿಕೊಂಡು, ಹ್ಞೂಂ ಎಂದಳು.

ಅಂದೇ ಒಂದು ಹಿಡಿ ಮಣ್ಣು ತಟ್ಟೆಯಲ್ಲಿ ಕೂತು, ತಮಟೆಯ ಸದ್ದಿನಲ್ಲಿ ಕೆರೆ ಏರಿಗೆ ಹೋಯಿತು. ಹಿಂದೆಯೇ ಟ್ರಾಕ್ಟರಿನಲ್ಲಿ ಸೈಜುಗಲ್ಲು, ಸಿಮೆಂಟು, ಗಾರೆಯವನು, ಜನ, ಎಲ್ಲ. ಹಿತ್ತಲು ಬಿಕೋ ಎಂದಿತು. ಅವ್ವ ತಗ್ಗಿನ ಮಣ್ಣನ್ನು ಬರಿಗೈಯಲ್ಲೇ ಬಾಚಿ ತೆಗೆಯತೊಡಗಿದಳು. ಅಪ್ಪ ಪಂಚೆ ಮೇಲೆ ಕಟ್ಟಿ ಬಂದು ಅವಳ ಪಕ್ಕದಲ್ಲಿ ಕೂತು ತಾನೂ ಬಾಚಿದ. ಅವನು ಹಿತ್ತಲಿಗಾಗಿ ಬಾಯಿಬಿಟ್ಟು ಹೇಳಿದ್ದು ಏನೂ ಇಲ್ಲ, ಮಾಡಿದ್ದು ಇದೊಂದು. ಮುಮ್ತಾಜಮ್ಮ ಗೋಡೆಯ ಮೇಲಿಂದ ಲಂಟಾನದ ಕಡ್ಡಿಗಳನ್ನು ದಾಟಿಸಿದಳು. ನಮ್ಮದೇ ಬೇಲಿಯವು, ಅವಳ ಕಡೆ ಬೇರು ಬಿಟ್ಟಿದ್ದವು. ಮುಂಗಾರು ಬಂದ ಮೇಲೆ ಕಪ್ಪೆ ಬಂತು. ಅದರ ಹಿಂದೆ ಬಾತು, ಬಾತಿನ ಹಿಂದೆ ಬೈಗುಳ. ದೊಡ್ಡಯ್ಯ ಎತ್ತಿನ ಚಪ್ಪರವನ್ನೇ ಉದ್ದ ಮಾಡಿ ಸೀಮೆಹಸು ಕಟ್ಟಿದ. ಹಿತ್ತಲ ಬಾಗಿಲು ದಾಟುವ ಮುಂಚೆ ಚಪ್ಪಲಿ ಬಿಡುತ್ತಿದ್ದ. ಹೆಂಡತಿಯನ್ನು ನೀರು ಕೇಳಬೇಕಾದರೂ ದನಿ ಇಳಿಸಿ ಕೇಳುತ್ತಿದ್ದ. ಇಷ್ಟೆಲ್ಲ ಆದ ಮೇಲೆ ನಾನು ಒಳ್ಳೆಯದಕ್ಕೆ ಹೇಳಿದ ಸುಳ್ಳನ್ನು ನಂಬುವುದನ್ನೂ ಕಲಿತೆ, ಅದಕ್ಕೆ ಹೆದರುವುದನ್ನೂ ಕಲಿತೆ. ಈ ಎರಡೂ ಬುದ್ಧಿ ನನ್ನಲ್ಲಿ ಇನ್ನೂ ಜಗಳಾಡುತ್ತಿವೆ.

ಈಗ ನನ್ನ ಕೂದಲೂ ನೆರೆತಿದೆ. ಹೋದ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆಯಿಡಲು ಅಡುಗೆಮನೆಯಲ್ಲಿ ಮಟನ್ ಸಾರು ಕುದಿಯುತ್ತಿತ್ತು. ಮಸಾಲೆ ಹದ ಹೇಳಿದವಳು ದೊಡ್ಡವ್ವನೇ; ನಾಲಿಗೆಗೆ ಹಾಕಿಕೊಳ್ಳದೆ, ಬರೀ ವಾಸನೆಯಲ್ಲಿ. ಎಲ್ಲರಿಗೂ ಬಡಿಸಿ, ತಾನು ಮೊಸರನ್ನ ಉಂಡು, ಮೊರ ಹಿಡಿದು ಹಿತ್ತಲಿಗೆ ಬಂದು ಒರಳುಕಲ್ಲಿನ ಮೇಲೆ ಕೂತಳು. ಅವ್ವ ಕಲ್ಲುಬಾನಿಗೆ ನೀರು ಹಾಕುತ್ತಿದ್ದಳು. ಬೇವಿನ ಬುಡದಲ್ಲಿ ಕೇರೆಯ ಪೊರೆಯೊಂದು ಗಾಳಿಗೆ ಅಲುಗುತ್ತಿತ್ತು. ಆ ಹಳೆಯದರ ಮೊಮ್ಮಗನದೋ ಮರಿಮಗನದೋ ಇರಬೇಕು. ನಾನು ದೊಡ್ಡವ್ವನ ಕಾಲ ಬಳಿ ಕೂತು, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ:

"ದೊಡ್ಡವ್ವ, ನಿಜ ಯೇಳು. ಅವತ್ತು ನಿನ್ ಮೈಮ್ಯಾಲೆ ದೇವ್ರು ಬಂದಿತ್ತಾ?"

ಅಡುಗೆಮನೆಯಿಂದ ಸಾರಿನ ವಾಸನೆ ತೇಲಿ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ಅದನ್ನು ಒಂದು ಸಲ ಎಳೆದುಕೊಂಡಳು.

"ಬಂದಿತ್ತೋ ಇಲ್ವೋ, ಆ ದೇವ್ರಿಗೇ ಗೊತ್ತು ಕಣ್ಮಗ. ಬಾಡು ಬುಟ್ಟೋಳು ಮಾತ್ರ ನಾನು."

ಅಷ್ಟು ಹೇಳಿ, ಮೊರದಿಂದ ಒಂದು ಹಿಡಿ ನುಚ್ಚು ತೆಗೆದು ಗುಬ್ಬಚ್ಚಿಗಳಿಗೆ ಎರಚಿದಳು.